ಕುದುರೆ ಆಯಿ ಹೇರಿದ ಸೈಕಲ್ಲು

ಅವಳ ಮೇಲಿನ ಎರಡು ಮುಂಬಲ್ಲುಗಳು ಬಲಕ್ಕೆ ಓರೆಯಾಗಿ, ಅರ್ಧ ತೆರೆದ ಬಾಗಿಲಿನ ಹಾಗೆ ನಿಂತಿದ್ದವು. ಅವುಗಳ ಅಂಚಿನಲ್ಲಿ ಒಂದು ಸಣ್ಣ ತೋಡು. ನಲವತ್ತು ವರ್ಷ ಹಗ್ಗದ ತುದಿಯನ್ನು ಹಲ್ಲಲ್ಲಿ ಕಚ್ಚಿ ಎಳೆದು ಗಂಟು ಬಿಗಿದದ್ದರ ಗುರುತು ಅದು. ನಕ್ಕಾಗ ಆ ತೋಡಿನಿಂದ ಗಾಳಿ ಸಣ್ಣಗೆ ಸೀಟಿ ಹೊಡೆಯುತ್ತ ಹೊರಬರುತ್ತಿತ್ತು. ಆ ಸೀಟಿಯನ್ನು ನಾನು ಹೂಬೇಹೂಬು ತೆಗೆಯುತ್ತಿದ್ದೆ. ಒಮ್ಮೆ ಅವಳ ಎದುರಿಗೇ ತೆಗೆದೆ. ಅವಳು ನಕ್ಕಳು, ಸೀಟಿ ಎರಡಾದವು.

“ದನಿ ಬಂತು. ಹಲ್ಲ ಇನ್ನೂ ಬರಬೇಕು ನೋಡು, ನಕಲ್ಯಾ,” ಅಂದಳು.

ಜತ್ತದ ಬಳಿಯ ನಮ್ಮ ಶೇಗಾಂವದಲ್ಲಿ ನನಗಿರುವ ಹೆಸರೇ ಅದು. ಅಪ್ಪನ ಕಿರಾಣಿ ಅಂಗಡಿಯಲ್ಲಿ ಕೂತು ಬಂದುಹೋಗುವವರನ್ನೆಲ್ಲ ನಕಲು ಮಾಡುವುದು ನನ್ನ ಉದ್ಯೋಗ. ನಡುನಡುವೆ ಸಕ್ಕರೆ ತೂಗುತ್ತೇನೆ. ಜತ್ತದ ಬಸ್ಸಿನ ಕಂಡಕ್ಟರ್, ಅರ್ಧ ಮರಾಠಿ ಅರ್ಧ ಕನ್ನಡದಲ್ಲಿ ಬೈಯುವ ಸಾಲಿಯ ಹೆಡ್‌ಮಾಸ್ತರು, ಗಿರಾಕಿಗೆ “ಬರ್ರಿ ಕುಂದ್ರಿ” ಅಂತ ನಗುತ್ತ ಅದೇ ಉಸಿರಿನಲ್ಲಿ ನನಗೆ ಕಣ್ಣು ಕೆಕ್ಕರಿಸುವ ಅಪ್ಪ, ಎಲ್ಲರೂ ನನ್ನ ಗಂಟಲಲ್ಲಿ ಬಾಡಿಗೆಗಿದ್ದಾರೆ. ನನ್ನನ್ನೂ ಬಿಟ್ಟಿಲ್ಲ. ಸೈಕಲ್ ಏರುವಾಗ ಎದೆ ಉಬ್ಬಿಸಿ, ಇಳಿಯುವಾಗ ಸೊಂಟ ಹಿಡಿದುಕೊಳ್ಳುವ ನನ್ನ ನಕಲಿಗೆ ಓಣಿಯಲ್ಲಿ ಒಳ್ಳೆಯ ಬೇಡಿಕೆಯಿದೆ.

ಅವಳು ಹಿಂದಿನ ಓಣಿಯ ಕುರುಬರ ಮನೆಯ ಹಿರಿಯಳು. ಊರೆಲ್ಲ ಕುದುರೆ ಆಯಿ, ಅಂದರೆ ಕುದುರೆ ಅಜ್ಜಿ, ಅನ್ನುತ್ತಿತ್ತು. ದೀಪಾವಳಿ ಮುಗಿದ ಕೂಡಲೇ ಅವಳ ಮನೆಯವರು ಕುರಿ ಹೊಡೆದುಕೊಂಡು ಕೃಷ್ಣೆಯ ದಂಡೆಯ ಕಡೆ ಹೊರಟರೆ ತಿರುಗಿ ಬರುತ್ತಿದ್ದದ್ದು ಮುಂಗಾರಿಗೆ. ಕುರಿಯ ಜವಾಬ್ದಾರಿ ಗಂಡಸರದು, ಮನೆಯದು ಹೆಂಗಸರದು. ಮನೆ ಅಂದರೆ ಕುದುರೆಯ ಬೆನ್ನಿನ ಮೇಲೆ ಕೂರುವಷ್ಟು: ಪಾತ್ರೆ, ಹಾಸಿಗೆ, ಹಿಟ್ಟು, ಕುರಿದಡ್ಡಿಯ ಬಲೆ, ಕಾಲು ಕಟ್ಟಿದ ಕೋಳಿ, ಒಮ್ಮೊಮ್ಮೆ ನಡೆಯಲಾರದ ಕೂಸು. ಅದನ್ನೆಲ್ಲ ಹೇರಿ, ಬಿಗಿದು, ಕುದುರೆ ಹಿಡಿದುಕೊಂಡು ಒಬ್ಬಳೇ ಮುಂದೆ ನಡೆದು, ಕುರಿ ಬಂದು ತಲುಪುವಷ್ಟರಲ್ಲಿ ಮುಂದಿನ ಬಿಡಾರದಲ್ಲಿ ಒಲೆ ಹೊತ್ತಿಸಿರಬೇಕು. ಆಯಿ ಹೇರಿದ ಹೇರು ದಾರಿಯಲ್ಲಿ ಜಾರಿದ್ದನ್ನು ಕಂಡವರಿಲ್ಲವಂತೆ.

ಮೊಣಕಾಲು ಕೈಕೊಟ್ಟ ಮೇಲೆ ಅವಳನ್ನು ಮನೆಯಲ್ಲಿ ಬಿಟ್ಟುಹೋಗತೊಡಗಿದರು. ಅದೇ ಹೊತ್ತಿಗೆ ಕುದುರೆ ಹೋಗಿ ಪಿಕಪ್ ಗಾಡಿ ಬಂತು. “ಅದರಾಗ ಹೇರೂದಲ್ಲಪಾ, ಒಗಿಯೂದು,” ಅನ್ನುತ್ತಿದ್ದಳು ಆಯಿ, ಗಾಡಿ ಕಂಡಾಗಲೆಲ್ಲ. ಕೂತಲ್ಲಿ ಕೂರಲು ಅವಳಿಗೆ ಬರುತ್ತಲೇ ಇರಲಿಲ್ಲ. ದೀಪಾವಳಿ ಮುಗಿಯಿತೆಂದರೆ ಮುಂಜಾನೆ ಎದ್ದು ಹಾಸಿಗೆ ಪಾತ್ರೆಗಳನ್ನೆಲ್ಲ ಹೊರಗೆ ತಂದು, ಅಂಗಳದ ಮೋಟುಗೋಡೆಗೆ ಕುದುರೆಗೆ ಹೇರಿದ ಹಾಗೆ ಹೇರಿ, ಬಿಗಿದು, ದೂರ ನಿಂತು ನೋಡಿ, ಮತ್ತೆ ಬಿಚ್ಚಿ ಒಳಗಿಡುತ್ತಿದ್ದಳು. ಮಂಚವನ್ನು ಬೇವಿನ ಗಿಡದ ಮೂಡಣಕ್ಕೊಮ್ಮೆ ಪಡುವಣಕ್ಕೊಮ್ಮೆ ಎಳೆಯುತ್ತಿದ್ದಳು. “ಒಂದ ಜಾಗಾದಾಗ ನಾಕ ದಿವಸ ಮಲಗಿದ್ರ ಮೈ ನುಗ್ಗಾಗತೈತಿ,” ಅನ್ನುವಳು. ಆ ಮಂಚ ಎಳೆಯುವ ಸದ್ದನ್ನೂ ನಾನು ಬಾಯಲ್ಲಿ ತೆಗೆಯಬಲ್ಲೆ.

ನನ್ನ ಕಾಲೂ ನಿಂತಲ್ಲಿ ನಿಲ್ಲುವುದಲ್ಲ. ಹೋದ ವರ್ಷ ಅದಕ್ಕೊಂದು ಹುಚ್ಚು ಹತ್ತಿತು. ರಾಜಸ್ಥಾನದ ಮರುಭೂಮಿಯಲ್ಲಿ ಒಂದು ಸೈಕಲ್ ಓಟ. ಆರುನೂರು ಕಿಲೋಮೀಟರ್. ಊಟ, ನೀರು, ಹಾಸಿಗೆ, ಪಂಕ್ಚರಿನ ಸಾಮಾನು ಎಲ್ಲವನ್ನೂ ಸೈಕಲ್ಲಿಗೇ ಕಟ್ಟಿಕೊಂಡು ಒಬ್ಬನೇ ಹೋಗಬೇಕು. ಯಾರೂ ಹಿಂದೆ ಗಾಡಿ ತಂದು ಸಹಾಯ ಮಾಡುವಂತಿಲ್ಲ. ಸಾಂಗ್ಲಿಯಿಂದ ಹಳೆಯದೊಂದು ಗೇರಿನ ಸೈಕಲ್ ತಂದೆ. ಫೋನಿನಲ್ಲಿ ಗಡ್ಡದ ಪರದೇಶಿಯೊಬ್ಬನ ವಿಡಿಯೋಗಳನ್ನು ನೋಡಿ ಅವನಂತೆ ಕಟ್ಟಿದೆ, ಅವನಂತೆ ಬಾಗಿದೆ. ಅವನು ಸೂರ್ಯನನ್ನು ನೋಡಿ ನಿಟ್ಟುಸಿರು ಬಿಡುತ್ತಿದ್ದ, ನಾನೂ ಬಿಟ್ಟೆ. ಗಡ್ಡ ಮಾತ್ರ ಬರಲಿಲ್ಲ.

ಓಟಕ್ಕೆ ಸೇರಿಸಿಕೊಳ್ಳಲು ನಡೆಸುವವರದೊಂದು ಷರತ್ತಿತ್ತು. ಪೂರ್ತಿ ಹೇರಿನೊಂದಿಗೆ ಒಂದೇ ಹಗಲು ಒಂದೇ ರಾತ್ರಿಯಲ್ಲಿ ಸುಮಾರು ಮುನ್ನೂರು ಕಿಲೋಮೀಟರಿನ ಒಂದು ಸುತ್ತು ಮುಗಿಸಿ, ಫೋನಿನಲ್ಲಿ ದಾಖಲಾದ ದಾರಿಯನ್ನು ಕಳಿಸಬೇಕು. ಜತ್ತ, ಉಮದಿ, ವಿಜಯಪುರ, ಸೊಲ್ಲಾಪುರ, ಮಂಗಳವೇಢ ಸುತ್ತಿ ಮತ್ತೆ ಊರಿಗೆ ಅಂತ ನಾನು ಗೆರೆ ಎಳೆದುಕೊಂಡೆ. ಅಪ್ಪ ತನ್ನದೊಂದು ಷರತ್ತು ಸೇರಿಸಿದ. “ಮುಗಿಸಿ ಬಂದ್ರ ಹೋಗು. ಬರಲಿಲ್ಲಂದ್ರ ಸೈಕಲ್ ಮಾರಿ ಅಂಗಡ್ಯಾಗ ಕುಂದ್ರು. ಮತ್ತ ಮಾತಿಲ್ಲ.”

ದಸರೆ ಮುಗಿದ ವಾರ ಬೆಳಗಿನ ಜಾವ ಹೊರಟೆ. ಚಹಾದಂಗಡಿಯ ಗೆಳೆಯರು ಹಾರ ಹಾಕಿ ಕಳಿಸಿದರು. ಸಂಜೆ ದೀಪ ಹಚ್ಚುವ ಹೊತ್ತಿಗೆ ಈರುಳ್ಳಿ ಹೇರಿದ ಟೆಂಪೋದಿಂದ ಸೈಕಲ್ ಸಮೇತ ಇಳಿದೆ.

“ಏನಾತೋ?” ಅಂದರು ಅದೇ ಗೆಳೆಯರು.

“ಚೈನ್ ಹರೀತು,” ಅಂದೆ. ಅಪ್ಪನಿಗೂ ಅದನ್ನೇ ಅಂದೆ. ಚೈನು ಹರಿದ ಸದ್ದನ್ನೂ ಬಾಯಲ್ಲಿ ತೆಗೆದು ತೋರಿಸಿದೆ. ಅಪ್ಪ ನನ್ನ ಮುಖ ನೋಡಿ, “ಚೈನ್ ಹರದ್ರ ನೀ ಏನ ಮಾಡ್ತಿ. ಇನ್ನೊಮ್ಮಿ ನೋಡು,” ಅಂದ.

ಮರುದಿನ ಮುಂಜಾನೆ ಆಯಿಯ ಅಂಗಳದ ಮುಂದೆ ಸೈಕಲ್ ತಳ್ಳಿಕೊಂಡು ಹೋಗುತ್ತಿದ್ದೆ. ಆಯಿ ಕೈ ಅಡ್ಡ ಹಿಡಿದಳು. ಹಿಂದಿನ ಚೀಲದ ಸುತ್ತ ಬಂದು, ಒಂದೊಂದು ಗಂಟಿನ ಮೇಲೆ ಬೆರಳಾಡಿಸಿದಳು. ಸೀಟಿನ ಕೆಳಗೆ ಕಟ್ಟಿದ್ದ ನೀರಿನ ಬಾಟಲಿಯನ್ನು ಅಲ್ಲಾಡಿಸಿದಳು.

“ಈ ಗಂಟೆಲ್ಲಾ ನಿನ್ನಿ ಮುಂಜಾನಿವು,” ಅಂದಳು.

“ಹೌದಲ್ಲಾ ಆಯಿ, ನಿನ್ನಿ ಮುಂಜಾನೆನ ಕಟ್ಟೀನಿ.”

“ಅದ್ನ ಅಂದ್ನಿ. ಹಾದ್ಯಾಗ ಒಂದೂ ಬಿಚ್ಚಿ ಕಟ್ಟಿಲ್ಲ. ರೊಟ್ಟಿ ಗಂಟ ಹಂಗ ಐತಿ. ನೀರ ತುಂಬೇ ಐತಿ. ಗಾಡಿ ಮುರದಂವ ಮೊದಲ ಕುಂತು ನೀರ ಕುಡೀತಾನ. ಆಮ್ಯಾಲ ಮುರದದ್ದ ನೋಡತಾನ.” ಕಣ್ಣೆತ್ತಿ ನನ್ನನ್ನು ನೋಡಿದಳು. “ಏನೂ ಮುರದಿಲ್ಲ. ಹೌದಲ್ಲೊ?”

ನಾನು ಹೆಡ್‌ಮಾಸ್ತರ ದನಿ ತೆಗೆದೆ. ಅವಳು ನಗಲಿಲ್ಲ. ಕಂಡಕ್ಟರನ ದನಿ ತೆಗೆದೆ. ಅದಕ್ಕೂ ನಗಲಿಲ್ಲ. ಕೊನೆಗೆ ಹೇಳಿದೆ. ಉಮದಿ ದಾಟಿದ ಮೇಲೆ ಬರೀ ಜಾಲಿ, ಬರೀ ಬಿಸಿಲು. ಮೊದಲು ನನ್ನಷ್ಟಕ್ಕೇ ಕಂಡಕ್ಟರನಾಗಿ ಟಿಕೆಟ್ ಹರಿದೆ. ಹೆಡ್‌ಮಾಸ್ತರನಾಗಿ ಜಾಲಿಗಿಡಗಳ ಹಾಜರಿ ತೆಗೆದುಕೊಂಡೆ. ಅಪ್ಪನಾಗಿ ನನ್ನನ್ನೇ ಬೈದೆ. ನಗುವವರು ಯಾರೂ ಇರಲಿಲ್ಲ. ದನಿಗಳೆಲ್ಲ ತೀರಿದ ಮೇಲೆ ಸೈಕಲ್ಲಿನ ಮೇಲೆ ಯಾರು ಕೂತಿದ್ದಾರೆ ಅಂತಲೇ ತಿಳಿಯದ ಹಾಗಾಯಿತು. ಅಂಜಿಕೆ ಹತ್ತಿತು. ವಿಜಯಪುರದ ಮೊದಲ ಮನೆಗಳು ಕಂಡದ್ದೇ ಇಳಿದುಬಿಟ್ಟೆ. ಕಾಲು ನೋಯುತ್ತಿರಲಿಲ್ಲ. ಏನೂ ನೋಯುತ್ತಿರಲಿಲ್ಲ.

ಆಯಿ ಏನಾದರೂ ಅನ್ನುವಷ್ಟರಲ್ಲಿ ಚಹಾದಂಗಡಿಯವನು ನಾಲ್ಕೈದು ಜನರನ್ನು ಕಟ್ಟಿಕೊಂಡು ಬಂದ. ಮುಂಜಾನೆಯೇ ಏನೋ ವಾಸನೆ ಹಿಡಿದಿದ್ದ. ಬಗ್ಗಿ ಚೈನು ನೋಡಿದ.

“ಏ ನಕಲ್ಯಾ, ಹರದ ಚೈನ್ ತಾನ ಕೂಡತೈತೇನೋ? ಹೊಸಾ ಕೊಂಡಿ ಎಲ್ಲೈತಿ ತೋರ್ಸು.”

ಜೀವಮಾನದಲ್ಲಿ ಮೊದಲ ಸಲ ಮಂದಿಯ ಎದುರು ಯಾರ ದನಿಯೂ ಬರಲಿಲ್ಲ. ಅಪ್ಪನ ಅಂಗಡಿ ಅಲ್ಲಿಂದ ಕೂಗಳತೆ. ಆಗ ಆಯಿ ನನ್ನ ಮುಂದೆ ಬಂದು ನಿಂತಳು.

“ಚೈನ್ ಹರದಿತ್ತು. ನಾ ಕಣ್ಲೆ ನೋಡೀನಿ.”

“ನೀ ಯಾವಾಗ ನೋಡಿದಿ ಆಯಿ? ನಿನಗ ಚೈನ್ ಅಂದ್ರ ಗೊತ್ತೈತೇನ?”

“ನಮ್ಮ ಕುರಿ ಆಣಿ,” ಅಂದಳು ಆಯಿ.

ಆ ಓಣಿಯಲ್ಲಿ ಮಕ್ಕಳ ಮೇಲೆ ಆಣೆ ಇಟ್ಟರೂ ಕುರಿಯ ಮೇಲೆ ಇಡುವುದಿಲ್ಲ. ಸುಳ್ಳಾಣೆ ಇಟ್ಟರೆ ಹಿಂಡಿಗೆ ಬೇನೆ ಬೀಳುತ್ತದೆ ಅನ್ನುವುದು ಅವರ ನಂಬಿಕೆ. ಚಹಾದಂಗಡಿಯವನು ಕೈ ಒರೆಸಿಕೊಂಡು, “ಹಂಗಾದ್ರ ಸೈ,” ಅಂತ ಹೊರಟುಹೋದ.

“ಯಾಕ ಇಟ್ಟಿ ಆಯಿ?” ಅಂದೆ.

“ಹಾದ್ಯಾಗ ಹೇರ ಜಾರತೈತಿ. ಹರಕ ಲುಗಡಿ, ಮಾಸಿದ ಚಾದರ ಎಲ್ಲಾ ಹೊರಗ ಬೀಳತಾವು. ಮಂದಿ ನಿಂತ ನೋಡತಾರ. ಆಗ ಮೊದಲ ಮ್ಯಾಲೊಂದ ಸೆರಗ ಹಾಸಿ ಮುಚ್ಚತೀವಿ. ಆಮ್ಯಾಲ ಕಟ್ಟತೀವಿ.” ಮಂಚದ ಮೇಲೆ ಕೂತು ಮೊಣಕಾಲು ಒತ್ತಿಕೊಂಡಳು. “ಮುಚ್ಚೀನಿ. ಕಟ್ಟೂದು ನಿಂದು. ಪೂರ್ತಿ ಸುತ್ತ ಹಾಕಿ ಬಾ. ಬಂದಂವ ಇದ ಮಂದಿ ಮುಂದ ನಿಂತು ಖರೇ ಹೇಳಿ ನನ್ನ ಆಣಿ ಬಿಡಸು. ಹೇಳಿದಂದ್ರ ಆಣಿ ಬಿಡತೈತಿ. ಲಗೂನ ಮಾಡು. ದೀಪಾವಳಿ ಆತಂದ್ರ ಕುರಿ ಹೊಂಡತಾವು.”

ಹೀಗೆ ಅವಳ ಕುರಿಗಳ ಭಾರ ನನ್ನ ಕಾಲಿನ ಮೇಲೆ ಬಿತ್ತು.

ಅವತ್ತೇ ನನ್ನ ಹೇರೆಲ್ಲ ಬಿಚ್ಚಿಸಿದಳು. ಗೋಣಿತಟ್ಟಿನ ಮೇಲೆ ಹರಡಿ, ಒಂದೊಂದೇ ಎತ್ತಿ ಒಂದೇ ಪ್ರಶ್ನೆ ಕೇಳಿದಳು: “ಇದನ್ನ ಯಾವಾಗ ಕೈಯಾಗ ಹಿಡೀತಿ?” ಮೊದಲು ಬೇಕಾದದ್ದು ಕೊನೆಗೆ ಒಳಗೆ ಹೋಗಬೇಕು. ಹಾಡಿನ ಪೆಟ್ಟಿಗೆಯನ್ನು ಎತ್ತಿ ಹಿಡಿದಾಗ ನಾನು ತಲೆ ಕೆರೆದುಕೊಂಡೆ. ಅದು ಮನೆಗೆ ಹೋಯಿತು. ಎರಡನೇ ಜೋಡಿ ಬೂಟು ಹೋಯಿತು. ವಿಡಿಯೋ ತೆಗೆಯುವ ಮೂರು ಕಾಲಿನ ಕೋಲನ್ನು ನೋಡಿ, “ಇದಕ್ಕೂ ಮೂರ ಕಾಲ, ನನಗೂ ಕೋಲ ಸೇರಿ ಮೂರ ಕಾಲ. ಇಬ್ಬರೂ ಮನ್ಯಾಗ ಇರ್ತೀವಿ,” ಅಂದಳು. ಫೋನಿಗೆ ಕರೆಂಟು ತುಂಬುವ ಡಬ್ಬಿಯನ್ನು ಮಾತ್ರ ಕೇಳದೆಯೇ ಒಳಗಿಟ್ಟಳು. “ಫೋನಿಗೂ ನೀರಡಿಕಿ ಆಗತೈತಿ.” ದಬ್ಬಣ, ದಾರ, ಒಂದು ಹಿಡಿ ಉಪ್ಪು, ಖಡಕ್ ರೊಟ್ಟಿ, ಶೇಂಗಾ ಹಿಂಡಿ ಸೇರಿದವು. ಎಡಗೈಯಲ್ಲೊಂದು ಚೀಲ ಬಲಗೈಯಲ್ಲೊಂದು ಚೀಲ ಹಿಡಿದು ಕಣ್ಣು ಮುಚ್ಚಿ ನಿಲ್ಲುವಳು; ಒಂದು ಸಾಬೂನಿನಷ್ಟು ಹೆಚ್ಚುಕಡಿಮೆಯಾದರೂ ಅವಳ ಹುಬ್ಬಿಗೆ ಗೊತ್ತಾಗುತ್ತಿತ್ತು. ನಾನು ಅಪ್ಪನ ತಕ್ಕಡಿ ತಂದು ಪರೀಕ್ಷೆ ಮಾಡಿದೆ. ತಕ್ಕಡಿ ಸೋತಿತು.

ಹೇರಿನ ನೆತ್ತಿಯನ್ನು ಬರಿದಾಗಿ ಬಿಡಿಸಿದಳು. “ಅಲ್ಲಿ ಏನೂ ಇಡಬ್ಯಾಡ. ಹಾದ್ಯಾಗ ಮರಿ ಹುಟ್ಟತೈತಿ, ಅದಕ ಜಾಗಾ ಬೇಕು.”

“ಆಯಿ, ನಾ ರಾಜಸ್ಥಾನಕ್ಕ ಹೊಂಟೀನಿ. ಒಂಟಿ ಈದ್ರ ಮರಿ ಎಲ್ಲಿ ಕುಂದ್ರಸಲಿ?”

ಸೀಟಿ ಹೊಡೆಯಿತು ಹಲ್ಲು.

ಒಂದು ಮಧ್ಯಾಹ್ನ, ಕೇಳಲೋ ಬೇಡವೋ ಅನ್ನುತ್ತಲೇ ಕೇಳಿದೆ. “ಕುದುರಿ ಹಿಡಕೊಂಡು ಒಬ್ಬಾಕಿನ ಮುಂದ ಹೋಗೂವಾಗ ನಿನಗ ಅಂಜಿಕಿ ಬರತಿರಲಿಲ್ಲೇನು?”

“ಬರತಿತ್ತು. ಮಗಾ ಹುಟ್ಟಿ ಹನ್ನೆಡ್ಡ ದಿವಸಕ್ಕ ಒಬ್ಬಾಕಿನ ಹೋಗೀನಿ. ಅಂಜಿಕಿ ಬಂತಂದ್ರ ಕುದುರಿ ನಿಂದ್ರಸಿ ಹೇರಿನ ಸುತ್ತ ಒಂದ ಸುತ್ತ ಹಾಕತಿದ್ನಿ. ಒಂದೊಂದ ಗಂಟ ಮುಟ್ಟತಿದ್ನಿ. ಯಾವದರೆ ಒಂದ ಸಡ್ಲ ಆಗೇ ಇರತಿತ್ತು. ಬಿಗೀತಿದ್ನಿ. ಮತ್ತ ನಡೀತಿದ್ನಿ.”

“ಅಂಜಿಕಿ ಹೋಗತಿತ್ತೇನು?”

“ಅದೆಲ್ಲಿ ಹೋಗತೈತಿ? ಹೇರ ಬೀಳತಿರಲಿಲ್ಲ.”

ಎಲ್ಲ ಸುಸೂತ್ರವಾಗಿ ನಡೆಯಿತು ಅಂತ ಬರೆದರೆ ಅದು ಎರಡನೇ ಸುಳ್ಳಾಗುತ್ತದೆ. ಪೂರ್ತಿ ಹೇರನ್ನು ಮೊದಲ ಸಲ ಆಯಿಯೇ ಕಟ್ಟಿದಳು. ಹಲ್ಲಿನಿಂದ ಬಿಗಿದಳು. ನಾನು ಗುಡ್ಡಾಪುರದ ದಾರಿ ಹಿಡಿದೆ. ಸೋಮವಾರ, ದಾನಮ್ಮನ ಗುಡಿಗೆ ನಡೆದು ಹೋಗುವವರು ಸಾಲಾಗಿ ಹೊರಟಿದ್ದರು. ಅವರೆದುರು ಇಳಿಜಾರಿನಲ್ಲಿ ಗತ್ತಿನಿಂದ ಬಿಟ್ಟೆ. ಹಿಂದಿನ ಗಾಲಿ ಏಕಾಏಕಿ ಕಚ್ಚಿ ಹಿಡಿಯಿತು. ನಾನು ಹ್ಯಾಂಡಲ್ಲಿನ ಮೇಲಿಂದ ಹಾರಿ, ರಸ್ತೆಯಲ್ಲಿ ಮೂರು ಸುತ್ತು ಉರುಳಿ, ಯಾತ್ರಿಕರ ಕಾಲ ಬಳಿ ಬಂದು ನಿಂತೆ.

“ಏನ ಭಕ್ತಿರೀ ತಾಯಿ!” ಅಂದಳೊಬ್ಬ ಮುದುಕಿ, ಪಕ್ಕದವಳಿಗೆ. “ಮಂದಿ ಗುಡಿ ಸುತ್ತ ಉರುಳತಾರ. ಇಂವ ಇಲ್ಲಿಂದನ ಸುರು ಮಾಡ್ಯಾನ.”

ಎದ್ದು ನೋಡಿದರೆ ಗಾಲಿಯ ಹಲ್ಲುಗಳಲ್ಲಿ ಒಂದು ಹಗ್ಗ ಸಿಕ್ಕಿಕೊಂಡಿತ್ತು. ಅದು ಕುದುರೆಯ ಹೇರು ಮುಂದಕ್ಕೆ ಜಾರದಂತೆ ಬಾಲದ ಬುಡದಲ್ಲಿ ಹಾಯಿಸಿ ಕಟ್ಟುವ ಹಗ್ಗ. ಆಯಿಯ ಕೈ ತನ್ನಷ್ಟಕ್ಕೆ ತಾನೇ, ಸೈಕಲ್ಲಿಗೆ ಬಾಲ ಇರಬೇಕಾದ ಜಾಗದಲ್ಲಿ, ಅದನ್ನೂ ಹಾಯಿಸಿತ್ತು.

ಮೊಣಕೈ ತರಚಿಕೊಂಡು ಬಂದು ಅವಳಿಗೆ ತೋರಿಸಿ ನಕ್ಕೆ. ಅವಳು ನಗಲಿಲ್ಲ. ಹಗ್ಗವನ್ನು ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿ, ಒಳಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡಳು. ಎರಡು ದಿನ ಮಂಚ ಎಳೆಯುವ ಸದ್ದಿಲ್ಲ. ಅವಳ ಹಿರಿಸೊಸೆ, ಮಕ್ಕಳ ಸಾಲಿಗೆಂದು ಊರಲ್ಲೇ ಉಳಿಯುವವಳು, ನಾನು ಕಾಕು ಅಂದರೆ ಚಿಕ್ಕಮ್ಮ ಅಂತ ಕರೆಯುವವಳು, ಬಂದು ಹೇಳಿದಳು: “ಊಟಾ ಬಿಟ್ಟಾಳಪಾ. ನನ್ನ ಕೈಗೆ ಬುದ್ಧಿ ಹೋತು, ಒಬ್ಬರ ಹುಡುಗನ್ನ ಕೊಲ್ಲತಿದ್ನಿ ಅಂತಾಳ.”

ಮೂರನೇ ದಿನ ಹೇರು ಕಟ್ಟಿಕೊಂಡು ಸೈಕಲ್ ಅವಳ ಹೊಸ್ತಿಲ ತನಕ ತಂದೆ.

“ಆಯಿ, ಹಗ್ಗ ಖರೇನ ಬೇಕು. ನೀ ಕಟ್ಟಲಿಲ್ಲಂದ್ರ ಇಳಿಜಾರಿನ್ಯಾಗ ಚೀಲ ಮುಂದ ಜಗ್ಗಿ ಬೆನ್ನಿಗಿ ಗುದ್ದತೈತಿ. ನಿನ್ನಿ ಮತ್ತ ಹೋಗಿ ನೋಡಿ ಬಂದೀನಿ. ಬಾಲ ಇಲ್ಲ ಅಂದ್ರ ಎಲ್ಲಿ ಕಟ್ಟೂದು, ಅದನ್ನ ಹೇಳು.”

ಒಳಗಿಂದ ಕೋಲಿನ ಸದ್ದು. ಬಂದು ಸೈಕಲ್ಲಿನ ಹಿಂಭಾಗವನ್ನು, ಇನ್ನೂ ಕೊಂಡುಕೊಳ್ಳದ ದನ ನೋಡುವ ಹಾಗೆ ನೋಡಿದಳು. ಗಾಲಿಯ ನಟ್ಟಿನ ಮೇಲಿರುವ ಕಬ್ಬಿಣದ ಸಣ್ಣ ಕಿವಿಯನ್ನು ಮುಟ್ಟಿದಳು. “ಇದೇನು? ತಿರಗತೈತೇನು ಇದು?”

“ಇಲ್ಲ. ಅದು ತಿರಗೂದಿಲ್ಲ.”

“ಹಂಗಾದ್ರ ಇಲ್ಲಿ.” ಹಗ್ಗವನ್ನು ನನ್ನ ಕೈಗೆ ಕೊಟ್ಟಳು. “ನೀ ಕಟ್ಟು. ನಾ ನೋಡತೀನಿ.”

ಅಂದಿನಿಂದ ಒಂದು ಗಂಟನ್ನೂ ಅವಳು ಕಟ್ಟಲಿಲ್ಲ. ನಾನು ಕಟ್ಟುವುದು, ಅವಳು ಕೋಲಿನಿಂದ ಮೀಟಿ ಬಿಚ್ಚುವುದು. ನಡುವೆ ತಡೆಯಲಾರದೆ ಕೇಳುವಳು, “ಯಾವತ್ತ ಹೋಗತಿ?” ದೀಪಾವಳಿ ಬಂತು, ಹೋಯಿತು, ಕುರಿಗಳು ಹೊರಟವು. ಆ ಮುಂಜಾನೆ ಆಯಿ ಹಿಂಡಿನ ಜೊತೆ ಊರ ಹೊರಗಿನ ತನಕ ನಡೆದು, ಒಂದೊಂದು ಕುರಿಯ ಮೂಗು ಮುಟ್ಟಿ ನೋಡಿದಳು. ಮಗ ಫೋನು ಮಾಡಿದಾಗಲೆಲ್ಲ ಮೊದಲ ಮಾತೇ “ಕುರಿ ಹೆಂಗದಾವು?” ಮೊದಲು ಹಾಗೆ ಕೇಳುತ್ತಿರಲಿಲ್ಲವಂತೆ. ಯಾವುದೋ ಒಂದು ಕುರಿ ಮೇವು ಬಿಟ್ಟಿದೆ ಅಂತ ಸುದ್ದಿ ಬಂದ ದಿನ ಮಂಚವನ್ನು ನಾಲ್ಕು ಸಲ ಎಳೆದಳು. ಮರುದಿನವೇ ನಾನು ಹೊರಟೆ.

ಈ ಸಲ ಹಾರವಿಲ್ಲ, ವಿಡಿಯೋ ಇಲ್ಲ. ಉಮದಿ ದಾಟಿದ ಮೇಲೆ ಅದೇ ಜಾಲಿ, ಅದೇ ಬಿಸಿಲು, ಅದೇ ಅಂಜಿಕೆ ನನ್ನನ್ನು ಕಾಯುತ್ತ ಕೂತಿತ್ತು. ಇಳಿದೆ. ಸೈಕಲ್ಲಿನ ಸುತ್ತ ಒಂದು ಸುತ್ತು ಹಾಕಿ ಗಂಟು ಮುಟ್ಟಿದೆ. ಎಡಗಡೆಯದೊಂದು ಸಡಿಲವಾಗಿತ್ತು. ಬಿಗಿದು ಹೊರಟೆ. ವಿಜಯಪುರದ ಹೊರಗೆ ಮತ್ತೆ ಇಳಿದೆ. ಸೊಲ್ಲಾಪುರದ ದಾರಿಯಲ್ಲಿ ಎಷ್ಟು ಸಲ ಇಳಿದೆನೋ ನೆನಪಿಲ್ಲ. ದೂರದಿಂದ ನೋಡಿದವರು ಇವನು ಸೈಕಲ್ಲಿಗೆ ಪ್ರದಕ್ಷಿಣೆ ಹಾಕುವ ಹರಕೆ ಹೊತ್ತಿದ್ದಾನೆ ಅಂದುಕೊಂಡಿರಬೇಕು. ಮಂಗಳವೇಢದ ಬಳಿ ಕೈ ಎಷ್ಟು ಮರಗಟ್ಟಿತ್ತೆಂದರೆ ನಾನೂ ಹಲ್ಲಿನಿಂದಲೇ ಹಗ್ಗ ಎಳೆದೆ. ಮುಂಜಾನೆ ಎಮ್ಮೆ ಹೊರಬೀಳುವ ಹೊತ್ತಿಗೆ ಊರು ಸೇರಿದೆ.

ಊರಬಾಗಿಲ ಅಗಸೆಯಲ್ಲಿ ಆಯಿ ಕೂತಿದ್ದಳು. ಮುಗಿಸಿದೆಯಾ ಅಂತ ಕೇಳಲಿಲ್ಲ. ಗಂಟುಗಳನ್ನು ನೋಡಿದಳು. ಒಂದೊಂದೂ ಹೊಲಸಾಗಿ, ಬಿಚ್ಚಿ ಕಟ್ಟಿ, ಬಿಚ್ಚಿ ಕಟ್ಟಿ ಹತ್ತು ಬಗೆಯಾಗಿದ್ದವು.

“ಇದನ್ಯಾರ ಕಟ್ಟಿದ್ರು?”

“ನಾನ. ಮಂಗಳವೇಢದಾಗ.”

“ಭಾಳ ಕೆಟ್ಟ ಕಟ್ಟೀದಿ,” ಅಂದಳು. ಅವಳ ಹಲ್ಲು ಸೀಟಿ ಹೊಡೆಯಿತು. ಅದರ ಜೊತೆಗೇ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಆಮೇಲೆ ತಗ್ಗಿದ ದನಿಯಲ್ಲಿ, “ಇನ್ನ ಆಣಿ ಬಿಡಸು.”

“ನಾಳಿ ಆಯಿ.”

ಈ ಬರಹದಲ್ಲಿ ನಾನು ಎಲ್ಲಾದರೂ ಬಾಯಿ ಮುಚ್ಚಿಕೊಳ್ಳಬೇಕಾದ ಜಾಗವಿದ್ದರೆ ಅದು ಇದೇ. ಅವತ್ತು ಅಪ್ಪ ಅಂಗಡಿಗೆ ಬಂದವರಿಗೆಲ್ಲ ಪೇಢೆ ಹಂಚಿದ. ಚಹಾದಂಗಡಿಯವನು ತಾನೇ ಬಂದು, “ತಪ್ಪ ತಿಳ್ಕೊಂಡಿದ್ನೆಪಾ,” ಅಂತ ಕೈ ಹಿಡಿದ. ಓಟದವರಿಂದ ಹೆಸರು ಸೇರಿಸಿಕೊಂಡ ಪತ್ರ ಬಂತು. ನನ್ನನ್ನು ನಾನೇ ನಕಲು ಮಾಡಲು ಮನಸ್ಸಾಗದಷ್ಟು ನಾನು ದೊಡ್ಡ ಮನುಷ್ಯನಾಗಿಬಿಟ್ಟಿದ್ದೆ. ನಾಳೆ, ನಾಡಿದ್ದು, ಸಂತೆಯ ದಿನ ಅನ್ನುತ್ತ ಹೋದೆ. ಆಯಿ ಮೊದಮೊದಲು ಕೇಳಿದಳು. ಆಮೇಲೆ ಕೇಳುವುದನ್ನು ಬಿಟ್ಟು, ನನ್ನ ಮುಖ ನೋಡಿ ಕೋಲನ್ನು ನೆಲಕ್ಕೆ ಎರಡು ಸಲ ಕುಟ್ಟುತ್ತಿದ್ದಳು.

ಮುಂದಿನ ಅಮಾವಾಸ್ಯೆಗೂ ಮುಂಚೆ ಒಂದು ಮಧ್ಯಾಹ್ನ, ಅಂಗಳದಲ್ಲಿ ಮಂಚ ಎಳೆಯುತ್ತಿದ್ದವಳು ಅದರ ಮೇಲೇ ಕೂತಳು, ಕೂತವಳು ಏಳಲಿಲ್ಲ. ಕಾಕು ನನ್ನನ್ನು ಕೂಗಿದಾಗ ನಾನು ಅಂಗಡಿಯಲ್ಲಿ ಯಾರಿಗೋ ಹೆಡ್‌ಮಾಸ್ತರನನ್ನು ಮಾಡಿ ತೋರಿಸುತ್ತಿದ್ದೆ. ನದಿ ದಂಡೆಯಿಂದ ಅವಳ ಮಗ, ನನಗೆ ಕಾಕಾ, ಪಿಕಪ್ಪಿನಲ್ಲಿ ಬಂದ. ಮರುದಿನ ಮಣ್ಣು ಮಾಡಿದೆವು. ಆಣೆ ಅವಳ ಜೊತೆಗೇ ಹೋಗಲಿಲ್ಲ. ಅದು ಕುರಿಗಳ ಮೇಲೆ ಹಾಗೇ ಉಳಿಯಿತು.

ಆಯಿಯ ದಿನಕರ್ಮದ ಊಟಕ್ಕೆ ಓಣಿಯೆಲ್ಲ ಸೇರಿತ್ತು. ನಾನು ಎಲೆಯ ಮುಂದಿನಿಂದ ಎದ್ದು ನಿಂತೆ. “ಚೈನ್ ಹರದಿರಲಿಲ್ಲ,” ಅಂದೆ. “ನಾ ಅಂಜಿ ಹೊಳ್ಳಿ ಬಂದಿದ್ನಿ. ಆಯಿ ನನ್ನ ಸಲುವಾಗಿ ಸುಳ್ಳಾಣಿ ಇಟ್ಟಳು.” ದನಿ ನಡುಗಿತು, ಮೂಗು ಸೋರಿತು.

ಮೊದಲು ನಕ್ಕವನು ಚಹಾದಂಗಡಿಯವನು. “ಏ, ಏನ ಮಾಡತಾನಲೇ! ಅಳಾವನ ನಕಲು ಮಾಡಾಕತ್ತಾನ!” ಸಾಲು ಸಾಲೇ ನಕ್ಕಿತು. ಸಾವಿನ ಮನೆಯಲ್ಲಿ ನಗು ಸಿಕ್ಕರೆ ಜನ ಬಿಡುವುದಿಲ್ಲ. “ಇನ್ನೊಮ್ಮಿ ಮಾಡೋ,” ಅಂದರು. ನಾನು ಇನ್ನೊಮ್ಮೆ ಹೇಳಿದೆ. ಇನ್ನೂ ಜೋರಾಗಿ ನಕ್ಕರು. ಇಪ್ಪತ್ತನಾಲ್ಕು ವರ್ಷ ನಾನು ಗಳಿಸಿದ್ದು ಇದನ್ನು ಅಂತ ಅವತ್ತು ತಿಳಿಯಿತು. ಅಪ್ಪ ಒಬ್ಬನೇ ನಗದೆ ತಲೆ ತಗ್ಗಿಸಿ ಅನ್ನ ಕಲಸುತ್ತಿದ್ದ.

ಕೈ ತೊಳೆಯುವಲ್ಲಿ ಕಾಕಾ ಬಂದು ಪಕ್ಕದಲ್ಲಿ ನಿಂತ. “ಖರೇನೋ?”

“ಖರೇ, ಕಾಕಾ.”

ನೀರು ಹಾಕಿಸಿಕೊಂಡು ಮೀಸೆ ಒರೆಸಿಕೊಂಡ. ಬೈಯುತ್ತಾನೆ ಅಂದುಕೊಂಡೆ. “ಮಂದಿಗಿ ಹೇಳಿದ್ರ ಮಂದಿ ನಗತಾರ. ಆಣಿ ಕುರಿ ಮ್ಯಾಲ ಐತಿ. ಕುರಿಗಿ ಬಂದ ಹೇಳು,” ಅಂದ. ಸಂಜೆಗೆ ಪಿಕಪ್ಪಿನಲ್ಲಿ ಹೊರಟುಹೋದ. ನನ್ನನ್ನು ಹತ್ತಿಸಿಕೊಳ್ಳಲಿಲ್ಲ.

ನಾಲ್ಕು ದಿನದ ಹಿಂದೆ ಪೂರ್ತಿ ಹೇರು ಕಟ್ಟಿಕೊಂಡು ಸೈಕಲ್ ಮೇಲೆ ಕೃಷ್ಣೆಯ ದಂಡೆಗೆ ಹೋದೆ. ಕಬ್ಬು ಕಡಿದ ಹೊಲವೊಂದರಲ್ಲಿ ಹಿಂಡು ಮೇಯುತ್ತಿತ್ತು. ಮಧ್ಯಾಹ್ನದ ಬಿಸಿಲು. ಕಾಕಾ ಕಂಬಳಿ ಕೊಡವಿ, ಹಿಂಡಿನ ನಡುವೆ ದಾರಿ ಮಾಡಿ, ಕೈ ತೋರಿಸಿದ.

“ಯಾರ ದನಿಲೆ ಹೇಳಲಿ ಅಂತ ನಿಂತಿಯೇನ? ನಿಂದ ಒಂದ ಇದ್ರ ಅದರಲೆ ಹೇಳು.”

ನಾನು ಹೇಳಿದೆ. ಚೈನ್ ಹರಿದಿರಲಿಲ್ಲ ಅಂದೆ, ಉಮದಿಯ ಆಚೆ ಅಂಜಿದ್ದನ್ನು ಹೇಳಿದೆ, ಟೆಂಪೋ ಹೇಳಿದೆ, ಈರುಳ್ಳಿ ಹೇಳಿದೆ, ನಾಳೆ ನಾಳೆ ಅಂದದ್ದನ್ನು ಹೇಳಿದೆ. ಯಾರೂ ನಗಲಿಲ್ಲ. ಇನ್ನೂರು ಬಾಯಿಗಳು ಕಬ್ಬಿನ ಒಣ ರವದಿ ಗರಿ ಅಗಿಯುವ ಸದ್ದಷ್ಟೇ. ಮಾತು ಮುಗಿಯುತ್ತಲೇ ಒಂದು ಕುರಿ ಕೆಮ್ಮಿತು. ನಾನು ಕಾಕಾನ ಮುಖ ನೋಡಿದೆ. ಕಾಕಾ ಹೋಗಿ ಅದರ ಬಾಯಿ ಬಿಡಿಸಿ ನೋಡಿ, ಬೆರಳು ಹಾಕಿ ಸಿಬಿರೊಂದನ್ನು ತೆಗೆದು ಒಗೆದ.

“ರವದಿ ಸಿಕ್ಕಿತ್ತು,” ಅಂದ. “ಬಾ, ಉಂಡ ಹೋಗು.”

ನಾಡಿದ್ದು ಸೊಲ್ಲಾಪುರದಿಂದ ನನ್ನ ರೈಲು. ಆರುನೂರು ಕಿಲೋಮೀಟರ್ ಮರಳು ನನ್ನಿಂದ ಆಗುತ್ತದೋ ಇಲ್ಲವೋ ಗೊತ್ತಿಲ್ಲ. ಕಾಲು ಈಗಲೂ ಮೇಜಿನ ಕೆಳಗೆ ಕುಣಿಯುತ್ತಿದೆ. ಆದರೆ ನಡುವೆ ಎಲ್ಲಿ ನಿಂತರೂ, ಅಂಜಿ ನಿಂತರೆ ಅಂಜಿ ನಿಂತೆ ಅಂತಲೇ ಬಂದು ಹೇಳುತ್ತೇನೆ. ಇನ್ನೊಬ್ಬರ ಕುರಿಗಳನ್ನು ಅದಕ್ಕೆ ಒಡ್ಡುವುದಿಲ್ಲ. ಆಯಿಗೆ ನಾನು ಕೊಡಬಹುದಾದದ್ದು ಇಷ್ಟೇ. ಕೊಡಬೇಕಾದ ಹೊತ್ತಿಗೆ ಕೊಡಲಿಲ್ಲ.